‘ಹಿಂಬರಹ ಕೊಡಿ ಸಾರ್’: ನಿಂತುಹೋದ ಒಂದು ಮಾಸಾಶನದ ಪ್ರಕರಣ

ಹುಡುಗನಿಗೆ ಹನ್ನೊಂದು ವರ್ಷ. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗಾದ ಹಾನಿಯಿಂದ ಮೈಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ. ಎರಡೂ ಕಾಲು ಕತ್ತರಿಯ ಹಾಗೆ ಬಿಗಿದುಕೊಳ್ಳುತ್ತವೆ, ಎಡಗೈ ಮಡಿಚಿಕೊಂಡೇ ಇರುತ್ತದೆ, ಬಲಗೈಯಲ್ಲಿ ರೊಟ್ಟಿ ಚೂರು ಹಿಡಿಯಬಲ್ಲ. ಕತ್ತು ನಿಲ್ಲುತ್ತದೆ, ಸೊಂಟ ನಿಲ್ಲದು. ಆರೇಳು ಮಾತು ಬರುತ್ತವೆ. ತಿಂಗಳಿಗೆ ಒಂದೆರಡು ಸಲ ಫಿಟ್ಸ್. ತಾಯಿ ಹೊಲದ ಕೂಲಿಗೆ ಹೋಗುತ್ತಾರೆ. ತಂದೆಗೆ ಬೆಂಗಳೂರಿನಲ್ಲಿ ಗಾರೆ ಕೆಲಸ, ಹಬ್ಬಕ್ಕಷ್ಟೇ ಊರು. ಹಗಲಿನಲ್ಲಿ ಹುಡುಗನನ್ನು ನೋಡಿಕೊಳ್ಳುವುದು ಅಜ್ಜಿ. ನಾಡಕಚೇರಿ 6 ಕಿಲೋಮೀಟರ್, ಜಿಲ್ಲಾಸ್ಪತ್ರೆ 62 ಕಿಲೋಮೀಟರ್ ದೂರ.

2023ರ ಆಗಸ್ಟ್‌ನಲ್ಲಿ ತಾಯಿ ಗ್ರಾಮ ಪಂಚಾಯಿತಿಗೆ ಬಂದು ಕೇಳಿದ್ದು ಒಂದೇ: ‘ಹುಡುಗನ ಸಂಬಳ ನಿಂತೋಗೈತೆ.’ ತಿಂಗಳಿಗೊಮ್ಮೆ ಬರುತ್ತಿದ್ದ ವಿಕಲಚೇತನ ಮಾಸಾಶನ ಎರಡು ವರ್ಷದಿಂದ ಖಾತೆಗೆ ಬಿದ್ದಿರಲಿಲ್ಲ. ಅಷ್ಟರಲ್ಲಿ ಮೂರು ಸಲ ನಾಡಕಚೇರಿಗೆ ಹೋಗಿದ್ದರು. ಮೊದಲ ಸಲ ‘ಸರ್ವರ್ ಇಲ್ಲ’, ಎರಡನೆಯ ಸಲ ‘ತಾಲ್ಲೂಕು ಆಫೀಸಿಗೆ ಹೋಗಿ’, ಮೂರನೆಯ ಸಲ ‘ಸರ್ಟಿಫಿಕೇಟು ಸರಿ ಇಲ್ಲ’. ಮೂರೂ ಬಾಯಿಮಾತು. ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ.

ಇದು ಯಾವುದೋ ಒಂದು ಮನೆಯ ವರದಿ ಅಲ್ಲ. ಕರ್ನಾಟಕದ ಬಯಲುಸೀಮೆಯ ಹಳ್ಳಿಗಳಲ್ಲಿ ಇಂಥ ಮಕ್ಕಳ ಕಡತಗಳಲ್ಲಿ ಪದೇಪದೇ ಕಾಣುವ ತೊಡಕುಗಳನ್ನು ಒಂದೇ ಕುಟುಂಬದ ಮೇಲಿಟ್ಟು ಬರೆದದ್ದು. ಯಾರ ಗುರುತೂ ಇಲ್ಲಿಲ್ಲ. ನಿಯಮ, ದರ, ಅಳತೆಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಕಡತ ತೆರೆದಾಗ

ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಹುದ್ದೆ ಬಹುಕಾಲ ಖಾಲಿಯಿದ್ದು ಆಗಷ್ಟೇ ಭರ್ತಿಯಾಗಿತ್ತು. ಜನ ಇವರನ್ನು ‘ವಿಆರ್‌ಡಬ್ಲ್ಯು’ ಎಂದೇ ಕರೆಯುವುದು. ಪಂಚಾಯಿತಿಗೊಬ್ಬರು, ಗೌರವಧನದ ಮೇಲೆ ದುಡಿಯುವವರು, ಬಹುಪಾಲು ಸ್ವತಃ ವಿಕಲಚೇತನರು. ಇಲ್ಲಿನ ಕಾರ್ಯಕರ್ತೆಗೂ ಒಂದು ಕಾಲು ಪೋಲಿಯೊ. ಇವರ ಮೇಲೆ ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಅಂದರೆ ಎಂಆರ್‌ಡಬ್ಲ್ಯು, ಅವರ ಮೇಲೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ. ಯಾವ ಕಾಗದ ಎಲ್ಲಿ ಹೋಗಿ ಕೂರುತ್ತದೆಂದು ತಿಳಿಯಲು ಈ ಸಾಲು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಕಾರ್ಯಕರ್ತೆ ಮೊದಲು ಮಾಡಿದ್ದು ಮನೆಗೆ ಹೋಗಿ ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿದ್ದು. ಬಿಪಿಎಲ್ ಪಡಿತರ ಚೀಟಿ, ಬಣ್ಣ ಮಾಸಿದ ಅಂಗವಿಕಲ ಪ್ರಮಾಣಪತ್ರ, ಮಾಸಾಶನದ ಹಳೆಯ ಮಂಜೂರಾತಿ ಆದೇಶ, ಕೂಸಾಗಿದ್ದಾಗ ಮಾಡಿಸಿದ ಆಧಾರ್, ಪಾಸ್‌ಬುಕ್, ಫಿಟ್ಸ್ ಮಾತ್ರೆಯ ಚೀಟಿಗಳು. ಪ್ರಮಾಣಪತ್ರ 2016ರದು, ಆಗ ಹುಡುಗನಿಗೆ ನಾಲ್ಕು ವರ್ಷ. ಚಲನ ವೈಕಲ್ಯ ಶೇ. 60, ತಾತ್ಕಾಲಿಕ, ಐದು ವರ್ಷಕ್ಕೆ ಮಾನ್ಯ. ಅವಧಿ ಮುಗಿದದ್ದು 2021ರಲ್ಲಿ. ಹಣ ನಿಂತದ್ದಕ್ಕೆ ಕಾರಣ ಅಲ್ಲೇ ಕಣ್ಣೆದುರಿಗಿತ್ತು. ಮೂರು ಸಲ ಕಚೇರಿಗೆ ಹೋದ ಹೆಂಗಸಿಗೆ ಅದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ, ಅಷ್ಟೇ.

ಆ ಪ್ರಮಾಣಪತ್ರದಲ್ಲಿ ಇನ್ನೊಂದು ಕೊರತೆಯಿತ್ತು. ಅದು 1995ರ ಹಳೆಯ ಕಾಯ್ದೆಯ ಕಾಲದ್ದು. ಆಗ ವೈಕಲ್ಯದ ವರ್ಗಗಳು ಏಳೇ, ಸೆರೆಬ್ರಲ್ ಪಾಲ್ಸಿಯನ್ನು ಚಲನ ವೈಕಲ್ಯದೊಳಗೇ ಎಣಿಸುತ್ತಿದ್ದರು. ನಾಲ್ಕು ವರ್ಷದ ಮಗುವಿನ ಬುದ್ಧಿಮಟ್ಟ ಅಳೆಯದೆ ಬಿಟ್ಟದ್ದನ್ನು ಆ ವಯಸ್ಸಿಗೆ ತಪ್ಪೆನ್ನಲಾಗದು. ಆದರೆ ಹನ್ನೊಂದರ ಹುಡುಗನ ಬೌದ್ಧಿಕ ವೈಕಲ್ಯ ಯಾವ ಕಾಗದದಲ್ಲೂ ಇಲ್ಲ ಎಂದರೆ, ಸರ್ಕಾರದ ಲೆಕ್ಕದಲ್ಲಿ ಅವನು ಕಾಲು ಬಾರದ, ಬುದ್ಧಿಯೆಲ್ಲ ಸರಿಯಿರುವ ಮಗು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ವರ್ಗಗಳು 21. ಫಿಟ್ಸ್ ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ‘ಫಿಟ್ಸ್ ಇದೆ, ಅದಕ್ಕೂ ಪರ್ಸೆಂಟೇಜ್ ಸೇರಿಸಿ’ ಎಂದು ಪ್ರಮಾಣಪತ್ರ ಕೊಡುವ ವೈದ್ಯರ ಬೋರ್ಡಿನೆದುರು ವಾದಿಸಿ ಫಲವಿಲ್ಲ.

ಮೊದಲ ತಪ್ಪು ಹೆಜ್ಜೆ

ತಾಯಿಯ ಅವಸರ ನೋಡಿ ಕಾರ್ಯಕರ್ತೆ ಮರುವಾರವೇ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಹೊಸ ಅರ್ಜಿ ಹಾಕಿಸಿದರು. ಅದು ತಿರಸ್ಕೃತವಾಯಿತು. ಎರಡು ಕಾರಣ: ಅವಧಿ ಮುಗಿದ ಪ್ರಮಾಣಪತ್ರ ಒಂದು, ಅದೇ ಆಧಾರ್ ಸಂಖ್ಯೆಯಲ್ಲಿ ಹಳೆಯ ಮಾಸಾಶನದ ದಾಖಲೆ ಇನ್ನೂ ಜೀವಂತವಿದ್ದದ್ದು ಇನ್ನೊಂದು. ನಿಂತ ಮಾಸಾಶನಕ್ಕೆ ಹಾಕಬೇಕಾದದ್ದು ಪುನರಾರಂಭದ ಮನವಿ. ಹೊಸ ಅರ್ಜಿ ಹಾಕಿದರೆ ಗಣಕಯಂತ್ರ ಅದನ್ನು ನಕಲು ಎಂದು ತಳ್ಳುತ್ತದೆ. ಆರು ವಾರ ಹೀಗೆ ಹೋಯಿತು.

ಒಂದು ಲಾಭವೂ ಆಯಿತು. ಅರ್ಜಿಗೆ ಸಕಾಲ ಸ್ವೀಕೃತಿ ಸಿಕ್ಕಿತ್ತು, ಅದರಲ್ಲಿ ಜಿಎಸ್‌ಸಿ ಸಂಖ್ಯೆ ಇತ್ತು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ 2011ರ ಪ್ರಕಾರ ಆ ಸಂಖ್ಯೆ ಬಿದ್ದ ಅರ್ಜಿಯನ್ನು ನಿಗದಿತ ದಿನಗಳೊಳಗೆ ವಿಲೇವಾರಿ ಮಾಡಬೇಕು, ತಿರಸ್ಕರಿಸಿದರೆ ಕಾರಣ ಬರೆಯಬೇಕು. ತಡವಾದರೆ ದಿನಕ್ಕೆ ₹20ರಂತೆ ₹500ರವರೆಗೆ ಪರಿಹಾರವುಂಟು. ಪರಿಹಾರದ ಮೊತ್ತ ನಗೆ ತರಿಸುವಂಥದ್ದೇ. ಅದನ್ನು ಕೇಳಿ ಪಡೆದವರು ವಿರಳ. ಆದರೆ ಎರಡು ವರ್ಷದಲ್ಲಿ ಮೊದಲ ಬಾರಿಗೆ ತಾಯಿಯ ಕೈಗೆ ‘ಇಲ್ಲ’ ಎಂಬುದು ಕಾರಣ ಸಮೇತ ಬರಹದಲ್ಲಿ ಸಿಕ್ಕಿತು. ಬಾಯಲ್ಲಿ ಹೇಳಿದ ‘ಇಲ್ಲ’ಕ್ಕೆ ಮೇಲ್ಮನವಿ ಹಾಕಲಾಗದು, ಬರೆದುಕೊಟ್ಟದ್ದಕ್ಕೆ ಹಾಕಬಹುದು. ಹೀಗೆ ಬರೆದುಕೊಡುವುದಕ್ಕೆ ನಮ್ಮ ಕಚೇರಿಗಳಲ್ಲಿ ಹಿಂಬರಹ ಎನ್ನುತ್ತಾರೆ. ಈ ಒಂದು ಪದ ಗೊತ್ತಿರುವ ಅರ್ಜಿದಾರನನ್ನು ಗುಮಾಸ್ತರು ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾರೆ.

ಪ್ರಮಾಣಪತ್ರ: 60 ಹೇಗೆ 85 ಆಯಿತು

ಸರಿಯಾದ ದಾರಿ ಯುಡಿಐಡಿಯಿಂದ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಿಂದ ಶುರು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ. ಫೋಟೊ, ಹೆಬ್ಬೆಟ್ಟಿನ ಗುರುತು, ಆಧಾರ್, ವಿಳಾಸದ ದಾಖಲೆ ಸಾಕು. ಶುಲ್ಕವಿಲ್ಲ. ಹಳೆಯ ಪ್ರಮಾಣಪತ್ರ ಇದ್ದವರು ಅದನ್ನೂ ಏರಿಸಬೇಕು. ಅರ್ಜಿಯಲ್ಲಿ ವೈಕಲ್ಯದ ವಿಧ ಕೇಳುವ ಕಡೆ ಸೈಬರ್ ಅಂಗಡಿಯವರು ಹಳೆಯ ಕಾಗದ ನೋಡಿ ‘ಚಲನ ವೈಕಲ್ಯ’ ಒಂದನ್ನೇ ಒತ್ತಿಬಿಡುತ್ತಾರೆ. ಆಗ ಆಸ್ಪತ್ರೆಯ ಪರದೆಯಲ್ಲಿ ಮೂಳೆ ವೈದ್ಯರೊಬ್ಬರ ಪರೀಕ್ಷೆ ಮಾತ್ರ ಬರುತ್ತದೆ, ಮನೋವೈದ್ಯ ವಿಭಾಗಕ್ಕೆ ಹೆಸರೇ ಹೋಗುವುದಿಲ್ಲ. ಇಲ್ಲಿ ಕಾರ್ಯಕರ್ತೆ ಪಕ್ಕದಲ್ಲೇ ಕೂತು ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಎರಡನ್ನೂ ಗುರುತು ಹಾಕಿಸಿದರು.

ಅದಕ್ಕೂ ಮೊದಲು ಆಧಾರ್ ಅಡ್ಡಬಂತು. ಕೂಸಿನ ಆಧಾರ್‌ಗೆ ಬೆರಳಚ್ಚು, ಕಣ್ಣಿನ ಗುರುತು ಇರುವುದಿಲ್ಲ. ಐದನೇ ವರ್ಷಕ್ಕೆ ಒಮ್ಮೆ, ಹದಿನೈದಕ್ಕೆ ಮತ್ತೊಮ್ಮೆ ಕಡ್ಡಾಯವಾಗಿ ನವೀಕರಿಸಬೇಕು. ಈ ಹುಡುಗನದ್ದು ಆಗಿರಲಿಲ್ಲ. ಕೇಂದ್ರಕ್ಕೆ ಕರೆದೊಯ್ದರೆ ಮಡಿಚಿದ ಬೆರಳು ಯಂತ್ರದ ಮೇಲೆ ಕೂರಲಿಲ್ಲ, ಅಲುಗುವ ತಲೆಗೆ ಕ್ಯಾಮೆರಾ ನಿಲ್ಲಲಿಲ್ಲ. ಆಪರೇಟರ್ ‘ಆಗಲ್ಲ’ ಎಂದರು. ಆಗುತ್ತದೆ. ಸಿಗುವಷ್ಟು ಬೆರಳು ತೆಗೆದುಕೊಂಡು, ಸಿಗದ್ದಕ್ಕೆ ಬಯೋಮೆಟ್ರಿಕ್ ವಿನಾಯಿತಿ ಎಂದು ಗುರುತು ಹಾಕಿ ನೋಂದಾಯಿಸುವ ಅವಕಾಶ ಆಧಾರ್ ವ್ಯವಸ್ಥೆಯಲ್ಲೇ ಇದೆ. ಕಾರ್ಯಕರ್ತೆ ಅಲ್ಲಿಂದಲೇ 1947ಕ್ಕೆ ಕರೆ ಮಾಡಿ ಫೋನನ್ನು ಆಪರೇಟರ್ ಕೈಗೆ ಕೊಟ್ಟರು. ಜಗಳಕ್ಕಿಂತ ಅದು ಬೇಗ ಕೆಲಸ ಮಾಡಿತು.

ಜಿಲ್ಲಾಸ್ಪತ್ರೆಯಲ್ಲಿ ಮೂಳೆ ವಿಭಾಗ, ಮಕ್ಕಳ ವಿಭಾಗ, ಮನೋವೈದ್ಯ ವಿಭಾಗ ಮೂರಕ್ಕೂ ಬೇರೆಬೇರೆ ದಿನ. ಮೊದಲೇ ವಿಚಾರಿಸದೆ ಹೋದರೆ ಬೆನ್ನ ಮೇಲೆ 24 ಕಿಲೋ ಹುಡುಗನನ್ನು ಹೊತ್ತು 62 ಕಿಲೋಮೀಟರ್‌ ಮೂರು ಸಲ. ಎಂಆರ್‌ಡಬ್ಲ್ಯು ಮುಂಚೆಯೇ ಫೋನ್ ಮಾಡಿ ಮೂಳೆ ವೈದ್ಯರೂ ಕ್ಲಿನಿಕಲ್ ಸೈಕಾಲಜಿಸ್ಟೂ ಒಂದೇ ದಿನ ಸಿಗುವಂತೆ ಗೊತ್ತುಪಡಿಸಿದ್ದರಿಂದ ಎರಡು ಓಡಾಟದಲ್ಲಿ ಮುಗಿಯಿತು. ಬಸ್ಸಿನ ಲೆಕ್ಕ ಬೇರೆಯೇ. ‘ಶಕ್ತಿ’ ಯೋಜನೆ 2023ರ ಜೂನ್‌ನಿಂದ ಇರುವುದರಿಂದ ತಾಯಿಗೆ ಟಿಕೆಟ್ ಇಲ್ಲ, ಗಂಡುಮಗುವಿಗೆ ಇದೆ. ವಿಕಲಚೇತನರ ರಿಯಾಯಿತಿ ಪಾಸ್ ವರ್ಷಕ್ಕೆ ₹660, ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿ, ಅರ್ಜಿ ಸೇವಾಸಿಂಧುವಿನಲ್ಲಿ. ಅದಕ್ಕೂ ಮಾನ್ಯ ಪ್ರಮಾಣಪತ್ರವೇ ಬೇಕು. ಪ್ರಮಾಣಪತ್ರ ಮಾಡಿಸಲು ಹೋಗುವ ಓಡಾಟಕ್ಕೆ ಆ ಪಾಸು ಸಿಗದು!

ಬೌದ್ಧಿಕ ವೈಕಲ್ಯ ಅಳೆಯಲು ಸೈಕಾಲಜಿಸ್ಟರು ಬಳಸುವುದರಲ್ಲಿ ಒಂದು ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪನ, ಮಾಲಿನ್ ಅವರು ಭಾರತಕ್ಕೆ ಒಗ್ಗಿಸಿದ್ದು. 89 ಅಂಶಗಳಿವೆ. ಉತ್ತರ ಕೊಡುವುದು ಮುಖ್ಯವಾಗಿ ತಾಯಿ. ಪೆಟ್ಟು ಬೀಳುವುದು ಇಲ್ಲೇ. ಬಿಳಿ ಕೋಟಿನವರು ಮಗನ ಬಗ್ಗೆ ಕೇಳಿದಾಗ ಯಾವ ತಾಯಿಗೂ ‘ಏನೂ ಬರಲ್ಲ’ ಅನ್ನಲು ಬಾಯಿ ಬಾರದು. ‘ಊಟ ಮಾಡ್ತಾನೆ, ಬಟ್ಟೆ ಹಾಕ್ಕೊಳ್ತಾನೆ, ಚೂಟಿ ಅದಾನೆ ಸಾರ್’ ಅಂದುಬಿಡುತ್ತಾರೆ. ಅಜ್ಜಿ ತುತ್ತು ಮಾಡಿ ಕೈಗಿಟ್ಟ ಮೇಲೆ ತಿನ್ನುವುದೂ, ಬಟ್ಟೆಗೆ ತಾಯಿ ಕೈ ಹಿಡಿದು ತೂರಿಸುವುದೂ ಆ ಮಾತಿನಲ್ಲಿ ಮುಚ್ಚಿಹೋಗುತ್ತದೆ. ಹಿಂದಿನ ದಿನವೇ ಕಾರ್ಯಕರ್ತೆ ತಾಯಿಗೆ ಹೇಳಿದ್ದು ಇಷ್ಟು: ‘ಅಕ್ಕಾ, ಸುಳ್ಳು ಬೇಡ, ಹೆಚ್ಚೂ ಬೇಡ ಕಡಿಮೆಯೂ ಬೇಡ. ಯಾರೂ ಕೈ ಹಾಕದೆ ತಾನಾಗಿ ಏನು ಮಾಡ್ತಾನೋ ಅದನ್ನ ಮಾಡ್ತಾನೆ ಅನ್ನಿ. ನೀವು ಹಿಡಿದರೆ ಮಾತ್ರ ಆಗೋದನ್ನ, ನಾನು ಹಿಡಿದರೆ ಆಗತ್ತೆ ಅನ್ನಿ.’ ಪರ್ಸೆಂಟೇಜ್ ಹೆಚ್ಚಿಸಲು ಮಗುವಿಗೆ ಸುಮ್ಮನಿರಲು ಕಲಿಸುವ ಮಧ್ಯವರ್ತಿಗಳೂ ಇದ್ದಾರೆ. ಒಮ್ಮೆ ಸಿಕ್ಕಿಬಿದ್ದರೆ ಕಡತದ ಮೇಲೆ ಬೀಳುವ ಸಂಶಯ ವರ್ಷಗಟ್ಟಲೆ ಹೋಗದು.

ಹುಡುಗನ ಸಾಮಾಜಿಕ ವಯಸ್ಸು 53 ತಿಂಗಳು ಬಂತು. ನಿಜ ವಯಸ್ಸು 132 ತಿಂಗಳು. ಭಾಗಿಸಿ ನೂರರಿಂದ ಗುಣಿಸಿದರೆ 40. ಆಗ ಜಾರಿಯಲ್ಲಿದ್ದ 2018ರ ಜನವರಿಯ ಕೇಂದ್ರ ಮಾರ್ಗಸೂಚಿಯ ಕೋಷ್ಟಕದಲ್ಲಿ 36ರಿಂದ 54ರವರೆಗಿನ ಅಂಕ ಮಧ್ಯಮ ಪ್ರಮಾಣ, ಅದಕ್ಕೆ ಶೇ. 75. ಚಲನ ವೈಕಲ್ಯ ಮತ್ತೆ ಶೇ. 60 ಎಂದೇ ಬಂತು.

ಎರಡನ್ನೂ ಕೂಡಿಸಿದರೆ 135 ಅಲ್ಲ. ಬಹುವಿಧ ವೈಕಲ್ಯಕ್ಕೆ ಸೂತ್ರವಿದೆ: ದೊಡ್ಡ ಸಂಖ್ಯೆಯನ್ನು 90ರಿಂದ ಕಳೆಯಬೇಕು, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ 90ರಿಂದ ಭಾಗಿಸಬೇಕು, ಬಂದದ್ದನ್ನು ದೊಡ್ಡ ಸಂಖ್ಯೆಗೆ ಸೇರಿಸಬೇಕು. 90ರಲ್ಲಿ 75 ಕಳೆದರೆ 15. 60 ಗುಣಿಸು 15, ಭಾಗಿಸು 90 ಅಂದರೆ 10. 75ಕ್ಕೆ 10 ಸೇರಿ 85. ಇದನ್ನು ಆರನೇ ನಮೂನೆಯಲ್ಲಿ, ಬಹುವಿಧ ವೈಕಲ್ಯದ ಪ್ರಮಾಣಪತ್ರವಾಗಿ ಕೊಡಬೇಕು. ಆದರೆ ಕಂಪ್ಯೂಟರ್‌ನಲ್ಲಿ ಮೂಳೆ ವಿಭಾಗದ ನಮೂದು ಮಾತ್ರ ಅನುಮೋದನೆಯಾಗಿ, ಶೇ. 60 ಎಂದೇ ಕರಡು ಬಂತು. ಕಾರ್ಯಕರ್ತೆ ಬಳಿ ಸೈಕಾಲಜಿಸ್ಟರ ವರದಿಯ ಜೆರಾಕ್ಸ್ ಇದ್ದುದರಿಂದ ಅವತ್ತೇ ಜಿಲ್ಲಾ ಶಸ್ತ್ರಚಿಕಿತ್ಸಕರ ಕಚೇರಿಯ ಟಪಾಲು ಶಾಖೆಗೆ ಅರ್ಧ ಪುಟದ ಮನವಿ ಕೊಟ್ಟು, ನಕಲಿನ ಮೇಲೆ ಮುದ್ರೆ ಹಾಕಿಸಿಕೊಂಡರು. ಪರೀಕ್ಷೆ ಮುಗಿದ ದಿನವೇ ವರದಿಗಳ ಫೋಟೊ ತೆಗೆದುಕೊಳ್ಳದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಅಸಲು ಆಸ್ಪತ್ರೆಯ ಕಡತಕ್ಕೆ ಸೇರಿದ ಮೇಲೆ ಅದನ್ನು ಹುಡುಕಿಸುವುದು ಇನ್ನೊಂದು ಪ್ರಕರಣ.

ತಿದ್ದುಪಡಿಗೆ ಐದು ವಾರ ಹಿಡಿಯಿತು. ಒಪ್ಪದಿದ್ದರೆ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಂ ಅಡಿ ಮೇಲ್ಮನವಿ ಇತ್ತು, ಗಡುವು 90 ದಿನ. ಆ ಕಾಲಕ್ಕೆ ನಿಯಮದ ಪ್ರಕಾರ ಪ್ರಮಾಣಪತ್ರ ಒಂದು ತಿಂಗಳೊಳಗೆ ಸಿಗಬೇಕಿತ್ತು. 2024ರ ಅಕ್ಟೋಬರ್ ತಿದ್ದುಪಡಿಯಲ್ಲಿ ಅದನ್ನು ಮೂರು ತಿಂಗಳಿಗೆ ಏರಿಸಿದ್ದಾರೆ. ಕೊನೆಗೆ ಬಂದದ್ದು ನೀಲಿ ಪಟ್ಟಿಯ ಕಾರ್ಡು. ಶೇ. 80 ಮತ್ತು ಮೇಲ್ಪಟ್ಟವರಿಗೆ ನೀಲಿ, 40ರಿಂದ 80ರೊಳಗೆ ಹಳದಿ, 40ಕ್ಕಿಂತ ಕೆಳಗೆ ಬಿಳಿ.

ಮತ್ತೆ ನಾಡಕಚೇರಿಗೆ

ಈ ಸಲ ಅರ್ಜಿ ಒಂದೇ ಪುಟ. ಹೀಗಿತ್ತು:

‘ವಿಷಯ: ನಿಲ್ಲಿಸಿರುವ ವಿಕಲಚೇತನ ಮಾಸಾಶನವನ್ನು ಪರಿಷ್ಕೃತ ದರದಲ್ಲಿ ಪುನರಾರಂಭಿಸುವ ಬಗ್ಗೆ. ಉಲ್ಲೇಖ: 1) ಮಂಜೂರಾತಿ ಆದೇಶ ಸಂಖ್ಯೆ ಮತ್ತು ದಿನಾಂಕ. 2) ಯುಡಿಐಡಿ ಸಂಖ್ಯೆ. 3) ಹಿಂದಿನ ಅರ್ಜಿಯ ಜಿಎಸ್‌ಸಿ ಸಂಖ್ಯೆ ಮತ್ತು ತಿರಸ್ಕಾರದ ಕಾರಣ. ನನ್ನ ಮಗನ ಹೊಸ ಪ್ರಮಾಣಪತ್ರದಂತೆ ಬಹುವಿಧ ವೈಕಲ್ಯ ಶೇ. 85 ಇರುತ್ತದೆ. ಆದ್ದರಿಂದ ಮಾಸಾಶನ ಪುನರಾರಂಭಿಸಬೇಕು. ಸಾಧ್ಯವಿಲ್ಲದಿದ್ದಲ್ಲಿ ಕಾರಣ ನಮೂದಿಸಿ ಹಿಂಬರಹ ನೀಡಬೇಕೆಂದು ಕೋರುತ್ತೇನೆ.’

ಕಷ್ಟದ ಕಥೆಗೆ ಇದರಲ್ಲಿ ಜಾಗವಿಲ್ಲ. ಕಥೆ ಓದಿ ಕರಗುವವರು ಆ ಮೇಜಿನಲ್ಲಿ ಕೂತಿರಲಿ ಇಲ್ಲದಿರಲಿ, ಸಂಖ್ಯೆಗಳು ಸರಿಯಿದ್ದರೆ ಕಡತ ಮೇಲೇಳುತ್ತದೆ. ಎರಡು ಪ್ರತಿ ಒಯ್ಯಬೇಕು, ಒಂದರ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಂಡು ವಾಪಸ್ ತರಬೇಕು. ಅಸಲು ಪ್ರಮಾಣಪತ್ರವನ್ನು ಯಾವ ಕಾರಣಕ್ಕೂ ಕೌಂಟರಿನೊಳಗೆ ಬಿಟ್ಟು ಬರಬಾರದು.

ಆಗಿನ ದರ ಶೇ. 40ರಿಂದ 74ರವರೆಗೆ ತಿಂಗಳಿಗೆ ₹800, 75 ಮತ್ತು ಮೇಲ್ಪಟ್ಟರೆ ₹1,400. ಕುಟುಂಬದ ವಾರ್ಷಿಕ ಆದಾಯ ₹32,000 ಮೀರಬಾರದು. ಈ ಮಿತಿ ಒಂದು ತಮಾಷೆ. ಗಂಡ ಹೆಂಡತಿ ಇಬ್ಬರೂ ವರ್ಷದ ಅರ್ಧದಷ್ಟು ದಿನ ಕೂಲಿ ಮಾಡಿದರೂ ಲೆಕ್ಕ ಅದನ್ನು ದಾಟುತ್ತದೆ. ಹಾಗಾಗಿ ಆದಾಯ ಪ್ರಮಾಣಪತ್ರಕ್ಕೆ ಗ್ರಾಮ ಆಡಳಿತ ಅಧಿಕಾರಿಯ ವರದಿಯೇ ನಿರ್ಣಾಯಕ. ಇನ್ನೂ ಒಂದು ಮಾತು ಇಲ್ಲೇ ಹೇಳಬೇಕು. ಕಾಯ್ದೆಯ 24ನೇ ಕಲಂ ಪ್ರಕಾರ ಇತರರಿಗಿರುವ ಇಂಥದೇ ಯೋಜನೆಗಿಂತ ವಿಕಲಚೇತನರ ನೆರವು ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು. ವೃದ್ಧರ ಸಂಧ್ಯಾ ಸುರಕ್ಷಾ ₹1,200 ಇರುವ ರಾಜ್ಯದಲ್ಲಿ ಶೇ. 60 ವೈಕಲ್ಯದವರಿಗೆ ₹800 ಹೇಗಾಯಿತು? ಇದಕ್ಕೆ ಉತ್ತರ ಕೊಡಬೇಕಾದವರು ನಾಡಕಚೇರಿಯ ಗುಮಾಸ್ತರಲ್ಲ, ನಿಜ.

2024ರ ಫೆಬ್ರುವರಿಯಲ್ಲಿ ₹1,400ರ ಆದೇಶ ಬಂತು. ಎರಡು ತಿಂಗಳಾದರೂ ಹಣ ಬರಲಿಲ್ಲ. ಪಾಸ್‌ಬುಕ್ ಇದ್ದ ಬ್ಯಾಂಕು ಒಂದು, ಆಧಾರ್ ಜೋಡಣೆಯಾಗಿದ್ದ ಅಂಚೆ ಖಾತೆ ಇನ್ನೊಂದು. ಹಣ ಅಂಚೆ ಖಾತೆಗೆ ಹೋಗಿ ಕೂತಿತ್ತು. ಇಂಥ ಕಡೆ ಕಚೇರಿಯನ್ನು ಬೈಯುವ ಮುನ್ನ ಆಧಾರ್‌ಗೆ ಯಾವ ಖಾತೆ ಜೋಡಣೆಯಾಗಿದೆಯೆಂದು ಬ್ಯಾಂಕಿನಲ್ಲೇ ಕೇಳಬೇಕು.

ನಿಂತಿದ್ದ ಅವಧಿಯ ಬಾಕಿ ಕೊಡಲಾಗದು, ಆಗ ಮಾನ್ಯ ಪ್ರಮಾಣಪತ್ರ ಇರಲಿಲ್ಲ ಎಂದು ಹಿಂಬರಹ ಬಂತು. ಹುಡುಗನ ವೈಕಲ್ಯ ಎರಡು ವರ್ಷ ರಜೆ ಹಾಕಿತ್ತೇ ಎಂದು ಕೇಳಬಹುದಾದ ಪ್ರಶ್ನೆ ಇದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಕಲಚೇತನರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ತಾಯಿ ಆ ದಾರಿ ಬೇಡವೆಂದರು. ಅವರ ಕೂಲಿ ದಿನಗಳು ಆಗಲೇ ಬಹಳ ಹೋಗಿದ್ದವು.

ತಾಯಿ ಕೇಳದೇ ಇದ್ದದ್ದು

ಮೊದಲ ಭೇಟಿಯಲ್ಲೇ ಕಾರ್ಯಕರ್ತೆ ಬರೆದುಕೊಂಡಿದ್ದ ಒಂದು ಸಾಲು: ‘ಮಲಗಿಸಿ ಉಣ್ಣಿಸುತ್ತಾರೆ. ಮಳೆಗಾಲದಲ್ಲಿ ಎರಡು ಸಲ ನ್ಯುಮೋನಿಯಾ.’ ಸೊಂಟ ನಿಲ್ಲದ ಮಗುವನ್ನು ಮಡಿಲಲ್ಲಿ ಒರಗಿಸಿ ಬಾಯಿಗೆ ಅನ್ನ ಸಾರು ಹಾಕಿದರೆ ಅದು ಉಸಿರಿನ ದಾರಿಗೆ ಇಳಿಯುತ್ತದೆ. ಬೆನ್ನು ನೆಟ್ಟಗೆ, ಗದ್ದ ಕೊಂಚ ಎದೆಯ ಕಡೆಗೆ ಬಾಗಿ, ಪಾದಕ್ಕೆ ಆಸರೆ ಇದ್ದರೆ ನುಂಗುವುದು ಸಲೀಸು. ಹಾಗೆ ಕೂರಲು ಕುರ್ಚಿ ಬೇಕು.

ಮನೆಯಲ್ಲೊಂದು ಗಾಲಿಕುರ್ಚಿ ಇತ್ತು, ಮೂಲೆಯಲ್ಲಿ ಜೋಳದ ಚೀಲ ಹೊತ್ತುಕೊಂಡು. ಶಿಬಿರವೊಂದರಲ್ಲಿ ಕೊಟ್ಟದ್ದು, ದೊಡ್ಡವರ ಅಳತೆಯದು, ಆಸನದ ಅಗಲ 45 ಸೆಂಟಿಮೀಟರ್. ಹುಡುಗನ ಸೊಂಟದ ಅಗಲ 26. ಕೂರಿಸಿದರೆ ಒಂದು ಕಡೆ ವಾಲುತ್ತಾನೆ, ವಾಲಿದಷ್ಟೂ ಕಾಲು ಬಿಗಿಯುತ್ತವೆ. ಕುರ್ಚಿಗೆ ಅಳತೆ ತೆಗೆಯುವುದು ಹೀಗೆ. ಗಟ್ಟಿ ಬೆಂಚಿನ ಮೇಲೆ ಕೂರಿಸಿ ಸೊಂಟದ ಅತಿ ಅಗಲದ ಜಾಗ ಅಳೆಯಬೇಕು. ಆಸನ ಅಷ್ಟೇ, ಇಲ್ಲವೇ ಒಂದೆರಡು ಸೆಂಟಿಮೀಟರ್ ಹೆಚ್ಚು. ಪೃಷ್ಠದ ಹಿಂಬದಿಯಿಂದ ಮಂಡಿಯ ಒಳಮಡಿಕೆಯವರೆಗಿನ ಉದ್ದದಲ್ಲಿ 3ರಿಂದ 6 ಸೆಂಟಿಮೀಟರ್ ಕಳೆದದ್ದು ಆಸನದ ಆಳ. ಇವನಿಗೆ 34 ಇತ್ತು, ಆಳ 30 ಸಾಕು. ಮಂಡಿಯ ಒಳಮಡಿಕೆಯಿಂದ ಹಿಮ್ಮಡಿಯವರೆಗಿನದು ಪಾದದ ಹಲಗೆಯ ಎತ್ತರ. ಆಳ ಹೆಚ್ಚಾದರೆ ಮಗು ಮುಂದಕ್ಕೆ ಜಾರಿ ಬೆನ್ನು ಗೂನಾಗುತ್ತದೆ. ಹಲಗೆ ತಗ್ಗಿದ್ದರೆ ಪಾದ ನೇತಾಡಿ ಬಿಗಿತ ಏರುತ್ತದೆ.

ಕೇಂದ್ರದ ಎಡಿಐಪಿ ಯೋಜನೆಯಲ್ಲಿ ತಿಂಗಳ ಆದಾಯ ₹22,500ರವರೆಗಿನ ಕುಟುಂಬಕ್ಕೆ ಸಾಧನ ಉಚಿತ. ಅಲಿಮ್ಕೊ ಸಂಸ್ಥೆ ತಯಾರಿಸುವ ಸಾಧನಗಳಲ್ಲಿ ಸೆರೆಬ್ರಲ್ ಪಾಲ್ಸಿ ಮಕ್ಕಳದೇ ಕುರ್ಚಿಯೂ ಇದೆ. ಸಾಮಾನ್ಯರಿಗೆ ಮೂರು ವರ್ಷಕ್ಕೊಮ್ಮೆ ಕೊಡುವ ಸಾಧನವನ್ನು 12ರೊಳಗಿನ ಮಕ್ಕಳಿಗೆ, ಬೆಳೆಯುವ ಮೈಯೆಂದು, ವರ್ಷಕ್ಕೊಮ್ಮೆ ಕೊಡಬಹುದು. ಹುಡುಗನಿಗೆ 12 ತುಂಬುವ ಮೊದಲೇ ಅಳತೆ ಹಾಕಿಸಬೇಕೆಂದು ಕಾರ್ಯಕರ್ತೆ ಅವಸರ ಮಾಡಿದ್ದು ಇದಕ್ಕೇ. ದಾವಣಗೆರೆಯಲ್ಲಿರುವ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರದಂಥ ಕಡೆ ಅಳತೆ, ಫಿಸಿಯೊಥೆರಪಿ, ಮಾತಿನ ಚಿಕಿತ್ಸೆ ಒಂದೇ ಸೂರಿನಡಿ ಆಗುತ್ತವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಎಪಿಡಿ ಸಂಸ್ಥೆ ದೂರದವರಿಗೂ ದಾರಿ ತೋರಿಸಬಲ್ಲವು.

ಕುರ್ಚಿ ಬರುವವರೆಗೆ ಊರಿನ ಬಡಗಿ ಪ್ಲೈವುಡ್‌ನಲ್ಲಿ ಗೋಡೆಮೂಲೆಯಂಥ ಒರಗು ಮಾಡಿಕೊಟ್ಟರು. ಎರಡು ತೊಡೆಗಳ ನಡುವೆ ಬಟ್ಟೆ ಸುತ್ತಿದ ಮರದ ತುಂಡು, ಕಾಲು ಕತ್ತರಿಯಾಗದಂತೆ. ಹಳೆಯ ಸೀರೆಯ ಅಗಲ ಪಟ್ಟಿ ಸೊಂಟಕ್ಕೆ. ಅಜ್ಜಿ ಮೊದಮೊದಲು ‘ಮಗೀನ ಕಟ್ಟಾಕ್ತೀರಾ’ ಎಂದು ಮುನಿಸಿಕೊಂಡರು. ಹುಡುಗ ಮೊದಲ ಬಾರಿಗೆ ಅಂಗಳದಲ್ಲಿ ಕೂತು ಕೋಳಿ ನೋಡುತ್ತಾ ಉಂಡ ಮೇಲೆ ಸುಮ್ಮನಾದರು.

ಶಾಲೆ

ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿತ್ತು, ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯ ಸ್ಯಾಟ್ಸ್ ಸಂಖ್ಯೆಯೂ ಇತ್ತು. ಶಾಲೆಯ ಹೊಸ್ತಿಲು ಮಾತ್ರ ತುಳಿದಿರಲಿಲ್ಲ. ‘ಗೃಹಾಧಾರಿತ ಶಿಕ್ಷಣ’ ಎಂದು ನಮೂದು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಬಹುವಿಧ ಅಥವಾ ತೀವ್ರ ವೈಕಲ್ಯದ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆ ಕೊಟ್ಟಿದೆ. ಆಯ್ಕೆ ಮಗುವಿನದು, ಮನೆಯವರದು; ಶಾಲೆಯದಲ್ಲ. ಇಲ್ಲಿ ಯಾರೂ ತಾಯಿಯನ್ನು ಕೇಳಿಯೇ ಇರಲಿಲ್ಲ.

ಕಾರ್ಯಕರ್ತೆ ನೇರ ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಕೊಡಬಹುದಿತ್ತು. ಬದಲಿಗೆ ಮೊದಲು ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ತಾಲ್ಲೂಕಿನ ವಿಶೇಷ ಸಂಪನ್ಮೂಲ ಶಿಕ್ಷಕರನ್ನು, ಜೊತೆಗಿಟ್ಟುಕೊಂಡು ಮುಖ್ಯಶಿಕ್ಷಕರ ಬಳಿ ಹೋದರು. ಅವರ ಭಯ ನ್ಯಾಯವಾದದ್ದೇ: ಫಿಟ್ಸ್ ಬಂದರೆ ಯಾರು ಹೊಣೆ? ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ, ಸಮಯ ನೋಡಿ, ಐದು ನಿಮಿಷ ದಾಟಿದರೆ 108 — ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಲಾಯಿತು. ವಾರಕ್ಕೆ ಮೂರು ದಿನ, ಬಿಸಿಯೂಟದವರೆಗೆ, ಅಜ್ಜಿ ಜೊತೆಗೆ. ಕಾನೂನಿನ ಕಲಂ ಉಚ್ಚರಿಸುವ ಅಗತ್ಯ ಬರಲಿಲ್ಲ. ಕಲಂಗಳನ್ನು ಮೊದಲ ದಿನವೇ ಮೇಜಿನ ಮೇಲೆ ಬಡಿದರೆ ಎದುರಿಗಿರುವವರು ಮಗುವನ್ನು ಬಿಟ್ಟು ತಮ್ಮ ರಕ್ಷಣೆಗೆ ನಿಲ್ಲುತ್ತಾರೆ. ಅವು ಚೀಲದಲ್ಲಿರಲಿ.

ಪಂಚಾಯಿತಿಯ ಶೇ. 5 ಮತ್ತು ಒಂದು ರ‍್ಯಾಂಪ್

ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದ ಶೇ. 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ಇಲ್ಲಿ ಅದನ್ನು ಹಿಂದಿನ ವರ್ಷ ಎಲ್ಲಿ ಖರ್ಚು ಮಾಡಿದ್ದಾರೆಂದು ಕೇಳಿದಾಗ ಯಾರೂ ನೇರ ಹೇಳಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹೋಯಿತು. ಮೊದಲ ಅರ್ಜಿ ವಾಪಸ್ ಬಂತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಕಾರ್ಯಕರ್ತೆ ಮೂರು ವಿಷಯ ತುಂಬಿದ್ದರು. ಎರಡನೆಯದರಲ್ಲಿ ‘ಶೇ. 5ರ ಅನುದಾನದ ಕ್ರಿಯಾ ಯೋಜನೆ ಮತ್ತು ವೆಚ್ಚದ ವೋಚರ್‌ಗಳ ನಕಲು’ ಎಂದಷ್ಟೇ ಇತ್ತು. ಅರ್ಜಿದಾರರು ಬಿಪಿಎಲ್ ಆದ್ದರಿಂದ ₹10 ಶುಲ್ಕವೂ ಇಲ್ಲ. ಉತ್ತರ ಬರುವ ಮೊದಲೇ ಪಿಡಿಒ ಕರೆದು, ‘ಏನು ಬೇಕಿತ್ತು ಹೇಳಿ’ ಎಂದರು.

ಬೇಕಿದ್ದದ್ದು ಮನೆಯ ಜಗಲಿಗೆ ರ‍್ಯಾಂಪ್. ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿ, ಮಂಜೂರಾಗಿ, ಕಟ್ಟಿದ್ದೂ ಆಯಿತು. ಆದರೆ ಜಗಲಿಯ ಎತ್ತರ 45 ಸೆಂಟಿಮೀಟರ್, ಗುತ್ತಿಗೆದಾರ ಎಳೆದ ಇಳಿಜಾರು ಎರಡೂವರೆ ಮೀಟರ್. ಎತ್ತರ ಒಂದಕ್ಕೆ ಉದ್ದ ಹನ್ನೆರಡು ಇರಬೇಕು, ಅಂದರೆ 5.4 ಮೀಟರ್. ಆ ಕಡಿದಾದ ಇಳಿಜಾರಿನಲ್ಲಿ ಕುರ್ಚಿ ಹತ್ತಿಸಿದರೆ ಹಿಂದಕ್ಕೆ ಮಗುಚುತ್ತದೆ, ಇಳಿಸಿದರೆ ಅಜ್ಜಿಯನ್ನು ಎಳೆದೊಯ್ಯುತ್ತದೆ. ಅಂಗಳದ ಉದ್ದ ಅಷ್ಟಿಲ್ಲ ಎಂಬುದು ಗುತ್ತಿಗೆದಾರನ ಸಮಜಾಯಿಷಿ. 3 ಮೀಟರ್ ಹೋಗಿ, ಒಂದೂವರೆ ಮೀಟರ್ ಚೌಕದ ಸಮತಟ್ಟು ಕಟ್ಟೆ ಮಾಡಿ, ಅಲ್ಲಿಂದ ಅಡ್ಡಕ್ಕೆ ತಿರುಗಿ 2.4 ಮೀಟರ್ ಹೋದರೆ ಆಗುತ್ತದೆ ಎಂದು ನಕ್ಷೆ ಬರೆದುಕೊಟ್ಟಿದೆ. ಬಿಲ್ ಪಾಸಾಗಿರುವುದರಿಂದ ಒಡೆದು ಕಟ್ಟುವ ಮಾತಿಗೆ ಪಂಚಾಯಿತಿ ಸಿದ್ಧವಿಲ್ಲ. ಕೆಲಸ ಶುರುವಾಗುವ ಮೊದಲೇ ಅಳತೆಯನ್ನು ಅಂದಾಜುಪಟ್ಟಿಯಲ್ಲಿ ಬರೆಸದೆ ಹೋದದ್ದು ಕಾರ್ಯಕರ್ತೆಯ ಕಡೆಯ ತಪ್ಪು.

ಬಾಕಿ ಇರುವುದು

ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮುಂತಾದವುಗಳಿರುವವರಿಗಾಗಿ ಕೇಂದ್ರ ಸರ್ಕಾರ ಸ್ಥಾಪಿಸಿದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ನೋಂದಾಯಿತ ಸಂಸ್ಥೆಯೊಂದರ ಮೂಲಕ ಹೆಸರು ಸೇರಿಸಲಾಗಿದೆ. ₹1 ಲಕ್ಷದವರೆಗೆ ರಕ್ಷಣೆ, ಬಿಪಿಎಲ್‌ನವರಿಗೆ ನೋಂದಣಿ ₹250, ನವೀಕರಣ ₹50. ಹೊರರೋಗಿ ಚಿಕಿತ್ಸೆ, ಥೆರಪಿಯ ಖರ್ಚಿಗೂ ಮಿತಿಯೊಳಗೆ ಮರುಪಾವತಿ ಇರುವುದು ಇದರ ಹೆಚ್ಚುಗಾರಿಕೆ. ವಿಮೆಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮೊದಲ ಸಲ ಫೆಬ್ರುವರಿಯಲ್ಲಿ ಸೇರಿದ್ದರಿಂದ ಕಾರ್ಡು ಕೈಗೆ ಬರುವಷ್ಟರಲ್ಲಿ ನವೀಕರಣದ ಹೊತ್ತಾಗಿತ್ತು. ಫಿಟ್ಸ್ ಮಾತ್ರೆಯ ಬಿಲ್ಲಿನ ಜೊತೆ ವೈದ್ಯರ ಚೀಟಿ ಇಡಬೇಕೆಂಬುದು ಈಗ ತಾಯಿಗೆ ಅಭ್ಯಾಸವಾಗಿದೆ.

2024-25ರ ರಾಜ್ಯ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ ಮುಂತಾದ ಸ್ಥಿತಿಯವರ ಆರೈಕೆದಾರರಿಗೆ ತಿಂಗಳಿಗೆ ₹1,000 ಭತ್ಯೆ ಘೋಷಣೆಯಾಗಿತ್ತು. ಅದಕ್ಕೂ ಅರ್ಜಿ ಹೋಗಿದೆ, ಸ್ವೀಕೃತಿ ಕಡತದಲ್ಲಿದೆ.

ಮಾಸಾಶನದ ಬಾಕಿಯ ವಿಷಯದಲ್ಲಿ ತಾಯಿ ಮನಸ್ಸು ಬದಲಿಸಿದ್ದಾರೆ. ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಿದ್ಧವಾಗಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆಯುಕ್ತರು ಶಿಫಾರಸು ಮಾಡಿದರೆ ಇಲಾಖೆ ಮೂರು ತಿಂಗಳೊಳಗೆ ಪಾಲಿಸಿರುವುದನ್ನೋ, ಪಾಲಿಸದಿರಲು ಕಾರಣವನ್ನೋ ತಿಳಿಸಬೇಕು. ದೂರಿನೊಂದಿಗೆ ಲಗತ್ತು ಐದು: ಹಳೆಯ ಮಂಜೂರಾತಿ ಆದೇಶ, ಎರಡೂ ಪ್ರಮಾಣಪತ್ರ, ಪಾಸ್‌ಬುಕ್ ಪುಟಗಳು, ಮತ್ತು ‘ಬಾಕಿ ಕೊಡಲಾಗದು’ ಎಂದು ಸಹಿ ಸಮೇತ ಬರೆದುಕೊಟ್ಟ ಆ ಹಿಂಬರಹ.

ಹೊಸ ಪ್ರಮಾಣಪತ್ರವೂ ಹುಡುಗನಿಗೆ 18 ತುಂಬುವವರೆಗೆ ಮಾತ್ರ. 2030ರಲ್ಲಿ ಮರುಪರೀಕ್ಷೆ. ಆ ವರ್ಷವೇ ತಂದೆತಾಯಿಯ ಸಹಜ ಪೋಷಕತ್ವವೂ ಮುಗಿಯುತ್ತದೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ನ್ಯಾಷನಲ್ ಟ್ರಸ್ಟ್ ಸ್ಥಳೀಯ ಸಮಿತಿಗೆ ಪೋಷಕರ ನೇಮಕಕ್ಕೆ ಅರ್ಜಿ ಹಾಕಬೇಕು. ಹಳೆಯ ಕಾಗದದ ಅವಧಿ ಮುಗಿದದ್ದು ಯಾರಿಗೂ ತಿಳಿಯದೆ ಎರಡು ವರ್ಷ ಹೋಗಿತ್ತು. ಈ ಸಲ ದಿನಾಂಕವನ್ನು ಕಡತದ ರಟ್ಟಿನ ಮೇಲೂ, ಪಾಸ್‌ಬುಕ್ಕಿನ ಒಳಮೈಯಲ್ಲೂ, ಅಜ್ಜಿ ಹಾಲಿನ ಲೆಕ್ಕ ಗೀಚುವ ಗೋಡೆಯ ಮೇಲೂ ಬರೆದಿಟ್ಟಿದೆ.